ಸಿಮೆಂಟಿನ ಬುಟ್ಟಿ

ಹಲ್ಲುಜ್ಜುತ್ತಿರುವಾಗಲೇ ಉಚ್ಚೆಂಗೆಪ್ಪನಿಗೆ ಅನ್ನಿಸಿತು, ಇವತ್ತು ಅವ್ವ ಬರದೇ ಇದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು. ಕಂಪ್ಲಿಯ ಬಸ್ಸು ದಾರಿಯಲ್ಲಿ ಎಲ್ಲಾದರೂ ಕೆಟ್ಟು ನಿಲ್ಲಬಹುದು. ಬಸ್ಸು ಹತ್ತಿಸಬೇಕಾದ ಅಕ್ಕ ತಿಪ್ಪಕ್ಕನಿಗೆ ನಾಟಿಯ ಕರೆ ಬಂದು ಹೊತ್ತು ಮೀರಬಹುದು. ಅವ್ವನೇ, ನನಗ್ಯಾಕ ಬೇಕು ಇವೆಲ್ಲ, ಎಂದು ಕಟ್ಟೆಗೆ ಆತು ಕೂತುಬಿಡಬಹುದು. ಹೀಗೆಲ್ಲ ಎಣಿಸಿದ ಮೇಲೆ ನಾಚಿಕೆಯಾಗಿ, ಬಾಯಲ್ಲಿದ್ದ ಬೇವಿನ ಕಡ್ಡಿಯನ್ನು ಕಾಲುವೆಗೆ ಎಸೆದ. ಹೆತ್ತವಳು ಬರುತ್ತಾಳೆಂದು ಬಸ್ಸು ಕೆಡಲಿ ಅನ್ನುವವನೂ ಒಬ್ಬ ಮಗನೇ! ಆ ಬಸ್ಸಿನಲ್ಲಿ ಪಾಪ, ಇನ್ನೆಷ್ಟು ಮಂದಿ ಇರುತ್ತಾರೋ, ಯಾರಿಗೆ ಏನು ಅವಸರವೋ. ಮುಖ ತೊಳೆದು ಅಂಗಿ ಹಾಕಿಕೊಂಡ, ಬಿಚ್ಚಿ ಇನ್ನೊಂದು ಹಾಕಿಕೊಂಡ. ಎರಡಕ್ಕೂ ಸಿಮೆಂಟು ಹತ್ತಿತ್ತು. ಗೋಡೆ ಬರೆದು ಅಂಗಿಗೆ ಬಣ್ಣ ಹತ್ತುತ್ತಿದ್ದ ಕಾಲದಲ್ಲಿ ಅವ್ವ ಬೈಯುತ್ತಲೇ ಒಗೆದು ಕೊಡುತ್ತಿದ್ದಳು. ಈಗ ತಾನೇ ಒಗೆದುಕೊಳ್ಳುತ್ತಾನೆ, ಬೈಯುವವರು ಯಾರೂ ಇಲ್ಲ.

ಶೆಡ್ಡಿನೊಳಗೆ ಅವಳು ನಿಂತಿದ್ದಳು. ಅವಳು ಅಂದರೆ ಅವ್ವನೇ, ಸಿಮೆಂಟಿನ ಯಮನಮ್ಮ. ಹೊಸಪೇಟೆಯ ಕಾಲುವೆ ದಂಡೆಯ ಮೇಲಿನ ಈ ಶೆಡ್ಡು ಹಿಂದೆ ಯಾವನೋ ಬೆಲ್ಲದ ವ್ಯಾಪಾರಿಯದಾಗಿತ್ತು, ಮೋಡ ಕವಿದ ದಿನ ಈಗಲೂ ಗೋಡೆಗಳಿಂದ ಬೆಲ್ಲದ ವಾಸನೆ ಬರುತ್ತದೆ, ಇರುವೆಗಳಂತೂ ಇನ್ನೂ ಆಸೆ ಬಿಟ್ಟಿಲ್ಲ. ಮೂರ್ತಿ ಆಳಿಗಿಂತ ಒಂದು ಮೊಳ ಎತ್ತರ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಅದಿರು ತುಂಬಿದ ಬುಟ್ಟಿ, ಎರಡೂ ಕೈ ಎತ್ತಿ ಬುಟ್ಟಿಯ ಅಂಚು ಹಿಡಿದು ನೆಟ್ಟಗೆ ನಿಂತ ಹೆಂಗಸು. ಗಣಿ ಕೂಲಿಕಾರರ ಸಂಘದವರು ಸ್ಟೇಷನ್ ರಸ್ತೆಯಲ್ಲಿ ಹೊಸ ಆಫೀಸು ಕಟ್ಟಿಸಿ, ಅಂಗಳದಲ್ಲಿ ಅದಿರು ಹೊರುವವಳ ಮೂರ್ತಿ ನಿಲ್ಲಿಸಬೇಕೆಂದು ಠರಾವು ಮಾಡಿದ್ದರು. ಮೊದಲು ದೂರದೂರಿನಿಂದ ಒಬ್ಬ ಶಿಲ್ಪಿ ಬಂದಿದ್ದನಂತೆ. ಅವನು ತಂದ ನಮೂನೆಯಲ್ಲಿ ಹೆಂಗಸಿನ ಸೊಂಟಕ್ಕೆ ಡಾಬು, ತೋಳಿಗೆ ವಂಕಿ. ಸಂಘದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರಂತೆ. ಆಗ ಸೆಕ್ರೆಟರಿ ವಿರೂಪಾಕ್ಷಪ್ಪ ಹುಡುಕಿಕೊಂಡು ಇಲ್ಲಿಗೆ ಬಂದ. "ಏನಪಾ ಗೋಡಿ ಉಚ್ಚೆಂಗೆಪ್ಪ, ಗೋಡಿ ಬಿಟ್ಟು ಗೊಂಬಿ ಹಿಡದೀಯಂತ" ಎಂದು ಚುಚ್ಚಿಯೇ ಮಾತು ಶುರುಮಾಡಿದ. ಕಡೆಗೆ ಹೇಳಿದ್ದು ಇಷ್ಟು. "ನಮ್ಮ ಸಂಘದಾಗ ಹಳೇ ಕೈ ಅಂದ್ರ ನಿಮ್ಮವ್ವ. ಆಕಿನ್ನ ನೋಡಿ ಮಾಡು. ಮುಗದ ಮ್ಯಾಲೆ ಆಕಿನ್ನ ಕರಸೋಣ. ಆಕಿ ಹೂಂ ಅಂದ್ರ ಮಾರನೇ ದಿನಾನ ಲಾರಿ ತರ್ತೀನಿ. ಆಕಿ ಬ್ಯಾಡ ಅಂದ್ರ ನಮಗೂ ಬ್ಯಾಡ." ಉಚ್ಚೆಂಗೆಪ್ಪ ತಲೆಯಾಡಿಸಿದ. ಆದರೆ ನೋಡಿ ಮಾಡಲಿಲ್ಲ. ಕಂಪ್ಲಿಗೆ ಹೋಗಲು ಕಾಲೇ ಬರಲಿಲ್ಲ. ನೆನಪಿನಲ್ಲಿದ್ದವಳನ್ನು ಮಾಡಿದ, ಯಾರಾದರೂ ಕೇಳಿದರೆ ಹೂಂ, ನೋಡೀನಿ ನೋಡೀನಿ, ಎಂದು ಸುಳ್ಳು ಹೇಳಿದ. ಈಗ ಆ ಒಂದು ಹೂಂ ಸಿಗುತ್ತದೋ ಇಲ್ಲವೋ ಎಂಬುದೇ ಚಿಂತೆ. ಲಾರಿ, ಅಂಗಳ, ಸಂಘದ ಮಂದಿ ಚಪ್ಪಾಳೆ ತಟ್ಟುವುದು, ಅವೆಲ್ಲ ಆಮೇಲಿನ ಮಾತು. ಅವ್ವ ಹೂಂ ಅನ್ನಬೇಕು, ತನ್ನ ಮುಖ ನೋಡಿ ಅನ್ನಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಬುಟ್ಟಿಯನ್ನು ಇನ್ನೊಮ್ಮೆ ನೋಡಿದ. ಇಡೀ ಮೂರ್ತಿಯಲ್ಲಿ ಎದೆ ತಟ್ಟಿ ಹೇಳಬಹುದಾದದ್ದು ಅದೊಂದೇ. ಮುಖ ಹೇಗಿದೆಯೋ ದೇವರೇ ಬಲ್ಲ, ನೋಡುತ್ತ ನೋಡುತ್ತ ಅವನಿಗೇ ಗುರುತು ಸಿಗದ ಹಾಗಾಗಿತ್ತು. ಆದರೆ ಬುಟ್ಟಿ! ಮೇದಾರರ ಓಣಿಯಲ್ಲಿ ಕೂತು ಕಣ್ಣು ತುಂಬ ನೋಡಿಕೊಂಡು ಬಂದು, ಹಸಿ ಸಿಮೆಂಟಿನಲ್ಲಿ ಒಂದೊಂದು ಬಿದಿರು ಸೀಳನ್ನೂ ಮೇಲೆ ಕೆಳಗೆ ಹಾಯಿಸಿ ಹೆಣೆದಿದ್ದ. ಮೈಗೆ ಹಿಡಿದದ್ದಕ್ಕಿಂತ ಹೆಚ್ಚು ದಿನ ಬುಟ್ಟಿಗೇ ಹಿಡಿಯಿತು. ಬೆಳಗಿನ ಬಿಸಿಲು ಬಾಗಿಲಿನಿಂದ ಓರೆಯಾಗಿ ಬಿದ್ದು ಪ್ರತಿ ಸೀಳಿನ ಕೆಳಗೂ ಒಂದು ಎಳೆ ನೆರಳು ಎಳೆದಿತ್ತು. ಹೊತ್ತು ಏರಿದ ಹಾಗೆ ಆ ನೆರಳು ಸರಿಯುತ್ತದೆ, ಸಂಜೆ ಇನ್ನೊಂದು ಕಡೆಗೆ ಬೀಳುತ್ತದೆ. ಗೋಡೆಯ ಮೇಲೆ ಬರೆಯುತ್ತಿದ್ದಾಗ ಅಕ್ಷರಗಳಿಗೆ ನೆರಳನ್ನು ತಾನೇ ಬಳಿಯಬೇಕಾಗಿತ್ತು. ಕೆಂಪು ಅಕ್ಷರದ ಬಲಕ್ಕೆ ಒಂದು ಕಪ್ಪು ಪಟ್ಟಿ. ಸೂರ್ಯ ಎಲ್ಲಿಯಾದರೂ ಇರಲಿ, ಆ ನೆರಳು ಇದ್ದಲ್ಲೇ ಇರುತ್ತಿತ್ತು. ಮಂದಿ ಅದನ್ನೇ ನೋಡಿ ಅಬಬಬಾ, ಎದ್ದು ಬರೋ ಹಂಗ ಐತಲ್ಲೋ, ಅನ್ನುತ್ತಿದ್ದರು. ಎದ್ದು ಬರುತ್ತಿರಲಿಲ್ಲ, ಅದು ಅವನಿಗೊಬ್ಬನಿಗೇ ಗೊತ್ತಿತ್ತು.

ಬಾಗಿಲೆಳೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ದಂಡೆಗೆ ಹೊಸ ಮನೆಗಳು, ಮನೆಗಳಿಗೆ ಹೊಸ ಕಾಂಪೌಂಡುಗಳು. ಗೋಡೆ ಕಂಡಲ್ಲಿ ಅಳತೆ ಹಾಕುವ ಕಣ್ಣಿನ ಚಾಳಿ ಇನ್ನೂ ಹೋಗಿರಲಿಲ್ಲ, ಈ ಗೋಡೆಗೆ ಹನ್ನೆರಡು ಅಕ್ಷರ, ಇದಕ್ಕೆ ಎರಡು ಸಾಲು, ಇದಕ್ಕೆ ಸುಣ್ಣ ಹೆಚ್ಚಾಗಿದೆ, ಬಣ್ಣ ಉದುರುತ್ತದೆ. ಕಾಲುವೆ ನೀರು ಬಂದು ಕಂಪ್ಲಿಯ ಕಡೆ ಭತ್ತ, ಕಬ್ಬು ತೊನೆದಾಡಿದ್ದೇ ತಡ, ಗೋಡೆಗಳಿಗೂ ಫಸಲು ಬಂದಿತ್ತು. ಗೊಬ್ಬರದವರು ಬಂದರು, ಪಂಪ್‌ಸೆಟ್ಟಿನವರು ಬಂದರು, ಟ್ರ್ಯಾಕ್ಟರಿನವರು ಬಂದರು, ಚುನಾವಣೆ ಬಂದರೆ ಎರಡೂ ಪಕ್ಷದವರು ಬಂದರು. ಎಲ್ಲರಿಗೂ ಉಚ್ಚೆಂಗೆಪ್ಪನೇ ಬೇಕು. ಸಂಡೂರಿನ ಅದಿರಿನ ಪುಡಿಗೆ ಅಂಟು ಕಲಸಿ ಅವನು ಮಾಡುತ್ತಿದ್ದ ಕೆಂಪು ಎರಡು ಮಳೆಗಾಲ ತಡೆಯುತ್ತಿತ್ತು. ಅಕ್ಷರದ ತಲೆಕಟ್ಟನ್ನು ಅವನು ಬಲಕ್ಕೆ ಸರಕ್ಕನೆ ಮೇಲೆತ್ತುತ್ತಿದ್ದ, ಹುಂಜ ತಲೆ ಎತ್ತಿದ ಹಾಗೆ, ಮರಿಯಮ್ಮನಹಳ್ಳಿಯಿಂದ ಕಂಪ್ಲಿಯವರೆಗೆ ಲಾರಿ ಡ್ರೈವರುಗಳಿಗೂ ಆ ಕೈ ಗುರುತಿತ್ತು. ಹೊಟ್ಟೆಪಾಡಿಗೆ ಹಗಲೆಲ್ಲ ಇವರ ಅಕ್ಷರ, ಮನಸ್ಸಿಗೆ ಬಂದಾಗ ಸಂಘದ ಘೋಷಣೆ. ಆಮೇಲೆ ದೀಪಾವಳಿ ಬರುತ್ತಿತ್ತು, ಮದುವೆ ಬರುತ್ತಿತ್ತು, ಯಾರೋ ಸುಣ್ಣದ ಡಬ್ಬಿ ಹಿಡಿದು ಬಂದು ಅವನ ಕೈಯನ್ನು ಅಳಿಸಿ ಹೋಗುತ್ತಿದ್ದರು.

ಬಸ್ ಸ್ಟ್ಯಾಂಡಿನ ಎದುರಿನ ಗೋಡೆಯ ಮೇಲೆ ಅವನು ಬರೆದ ಗೊಬ್ಬರದ ಜಾಹೀರಾತು ಸುಣ್ಣದ ಅಡಿಯಿಂದ ಇನ್ನೂ ತುಸು ಇಣುಕುತ್ತಿತ್ತು. ಅದನ್ನು ನೋಡಬಾರದೆಂದುಕೊಂಡೇ ನೋಡಿದ. ತಲೆಕಟ್ಟು ಹಾಗೇ ಇತ್ತು. ಹಾಳಾಗಿಹೋಗಲಿ ಈ ತಲೆಕಟ್ಟು! ಸಂಡೂರಿನ ಆ ಗೋಡೆಯ ಮೇಲೂ ಇದೇ ತಲೆಕಟ್ಟು. ಅವ್ವ ಅದಿರು ಹೊರುತ್ತಿದ್ದ ಗಣಿಯ ಗುತ್ತಿಗೆದಾರನ ಗೋದಾಮಿನ ಗೋಡೆ, ಉದ್ದಕ್ಕೆ ಬಿದ್ದುಕೊಂಡ ಬೋಳು ಗೋಡೆ, ಅಂಥ ಗೋಡೆ ಕಂಡರೆ ಕೈ ತುರಿಸುತ್ತಿತ್ತು. ಬೆಟ್ಟ ಕರಗಿತು, ಕೂಲಿ ಏರಲಿಲ್ಲ, ಎಂದು ಬರೆಯಬೇಕೆಂದು ಹೋಗಿದ್ದ. ಅದೇ ಗುತ್ತಿಗೆದಾರನ ಲಾರಿಗಳಿಗೆ ಹೆಸರು ಬರೆದವನೂ ಇವನೇ, ಹಾಗಾಗಿ ಕೈ ಗುರುತು ಸಿಗಬಾರದು, ಕೆಟ್ಟದಾಗಿ ಬರೆಯಬೇಕು, ಅಂಗನವಾಡಿ ಹುಡುಗರ ಹಾಗೆ ಸೊಟ್ಟಪಟ್ಟ ಬರೆಯಬೇಕು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಿದ್ದ. ಮೊದಲ ಅಕ್ಷರ ಸೊಟ್ಟಗೇ ಬಂತು. ಎರಡನೆಯದಕ್ಕೆ ಕೈ ಕೇಳಲಿಲ್ಲ. ಇಷ್ಟು ದೊಡ್ಡ ಗೋಡೆ, ಇಷ್ಟು ಒಳ್ಳೆಯ ಮಾತು, ಇದನ್ನು ಕೆಡಿಸುವುದೇ? ಮೊದಲ ಅಕ್ಷರವನ್ನೂ ತಿದ್ದಿ, ಎಲ್ಲಕ್ಕೂ ತಲೆಕಟ್ಟು ಎತ್ತಿ, ನೆರಳು ಬೇರೆ ಬಳಿದು ಬಂದ. ಮಾರನೆಯ ದಿನ ಮೇಸ್ತ್ರಿ ಗೋಡೆ ನೋಡಿದ, ಸಾಲಿನಲ್ಲಿ ನಿಂತ ಹೆಂಗಸರಲ್ಲಿ ಯಮನಮ್ಮನನ್ನು ನೋಡಿದ, ಅಲ್ಲಿಗೆ ಅವಳ ಕೂಲಿ ಮುಗಿಯಿತು. ಆ ವರ್ಷವೇ ಮುಷ್ಕರವಾಗಿ ಎಲ್ಲರ ಕೂಲಿ ಏರಿತು. ಏರಿದ ಕೂಲಿ ತೆಗೆದುಕೊಳ್ಳಲು ಅವ್ವ ಅಲ್ಲಿರಲಿಲ್ಲ, ಕಂಪ್ಲಿಯಲ್ಲಿ ಮಗಳ ಮನೆಯಲ್ಲಿದ್ದು ಯಾರದೋ ಕೆಸರು ಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತಿದ್ದಳು.

ಸುದ್ದಿ ಕೇಳಿ ಅವನು ಮನೆಯ ಕಡೆ ಹೋಗಲಿಲ್ಲ, ಅವಳಿಂದ ಒಂದು ಬೈಗುಳವೂ ಬರಲಿಲ್ಲ. ಅದೇ ಅವನನ್ನು ತಿಂದುಹಾಕಿತು. ಬೈದಿದ್ದರೆ, ಚಪ್ಪಲಿ ತೆಗೆದುಕೊಂಡಿದ್ದರೆ, ನಿನ್ನ ಕೈ ಸೇದಿಹೋಗ ಎಂದು ಶಪಿಸಿದ್ದರೆ ಕಾಲಿಗೆ ಬಿದ್ದು ಅತ್ತುಬಿಡುತ್ತಿದ್ದ. ಒಮ್ಮೆ ಧೈರ್ಯ ಮಾಡಿ ಕಂಪ್ಲಿಗೆ ಹೋದ. ಮನೆಗೆ ಬೀಗ, ಎಲ್ಲರೂ ಗದ್ದೆಗೆ ಹೋಗಿದ್ದರು. ಕಾಲುವೆ ಏರಿಯ ಮೇಲೆ ನಿಂತು ನೋಡಿದರೆ ಸಾಲಾಗಿ ಬಗ್ಗಿದ ಹೆಂಗಸರು, ಬರೀ ಬೆನ್ನುಗಳು, ಅವುಗಳಲ್ಲಿ ಅವ್ವನದು ಯಾವುದೆಂದೇ ತಿಳಿಯಲಿಲ್ಲ. ಬಂದ ಬಸ್ಸಿಗೇ ಹತ್ತಿ ವಾಪಸಾದ. ಅವತ್ತಿನಿಂದ ಬೋಳು ಗೋಡೆ ಕಂಡರೂ ಕೈ ತುರಿಸಲಿಲ್ಲ. ಹಂಪಿಯಲ್ಲಿ ಬೋರ್ಡು ಬರೆಯುವ ಕೆಲಸ ಸಿಕ್ಕಿತು, ಕಲ್ಲುಗಳ ಮೇಲೆ ಯಾರೂ ಬರೆಯಬಾರದು, ಎಂದು ಬರೆಯಬೇಕು. ಊರ ಗೋಡೆಗಳನ್ನೆಲ್ಲ ಕೆಡಿಸಿದವನ ಕೈಯಲ್ಲಿ ಆ ಮಾತು ಬರೆಸಿದರಲ್ಲ ಎಂದು ಒಬ್ಬನೇ ನಕ್ಕ. ಬೋರ್ಡು ಒಣಗುವವರೆಗೆ ಮಾಡಲು ಕೆಲಸವಿಲ್ಲದೆ ಮುರಿದ ಮಂಟಪದಲ್ಲಿ ಕೂತು, ಕಂಬದ ಮೇಲಿನ ಕುಣಿಯುವವಳ ಹಿಮ್ಮಡಿಯ ಮೇಲೆ ಬೆರಳಾಡಿಸಿದ. ಕಲ್ಲು ಬಿಸಿಲಿಗೆ ಮೈ ಬಿಸಿಯಾದವರ ಹಾಗೆ ಬೆಚ್ಚಗಿತ್ತು. ಬೆರಳು ಹಿಮ್ಮಡಿ ದಾಟಿ ಹಿಂದಕ್ಕೆ ಹೋಯಿತು, ಹಿಂದೆಯೂ ಕಾಲಿತ್ತು. ಅಕ್ಷರಕ್ಕೆ ಹಿಂದೆ ಅನ್ನುವುದೇ ಇಲ್ಲ, ಗೋಡೆ ಮಾತ್ರ. ಬೇಸಗೆಯಲ್ಲಿ ನೀರು ಬಂದ್ ಮಾಡಿ ಕಾಲುವೆಯ ಹೂಳು ತೆಗೆದು ದಂಡೆಗೆ ರಾಶಿ ಹಾಕಿದಾಗ ಎರಡು ಬುಟ್ಟಿ ಹೊತ್ತು ತಂದು ಕಲಸಿದ. ಮೊದಲು ಮಾಡಿದ್ದು ಒಂದು ಪಾದ. ಆಮೇಲೆ ಅವನು ಗೋಡೆಯ ಕಡೆ ಹೋಗಲಿಲ್ಲ, ಜತೆಗೆ ಗೋಡೆ ಬರೆಯುತ್ತಿದ್ದ ಗೆಳೆಯರು ಅವನ ಕಡೆ ಬರಲಿಲ್ಲ.

ಕಂಪ್ಲಿಯ ಬಸ್ಸು ಬಂತು. ಕೆಟ್ಟಿರಲಿಲ್ಲ, ಹೊತ್ತಿಗೆ ಸರಿಯಾಗಿ ಬಂತು. ಉಚ್ಚೆಂಗೆಪ್ಪ ಮುಂದೆ ಹೋಗುವ ಬದಲು ಕಂಬದ ಹಿಂದೆ ಸರಿದು ನಿಂತ. ಮಂದಿ ಇಳಿದರು, ಅಕ್ಕಿ ಚೀಲಗಳು ಇಳಿದವು, ಕೋಳಿ ಇಳಿದವು. ಕಡೆಗೆ ಕಂಡಕ್ಟರು, "ಅವಸರ ಮಾಡಬ್ಯಾಡಬೇ ಮುದುಕಿ, ಬೀಳ್ತೀಯ" ಎನ್ನುತ್ತ ಒಬ್ಬಳ ರಟ್ಟೆ ಹಿಡಿದು ಇಳಿಸಿದ. ಸೊಂಟದಿಂದ ಮೇಲಿನ ಮೈ ನೆಲಕ್ಕೆ ಸಮವಾಗಿತ್ತು. ಯಾರೋ ಏನೋ ಎಂದು ಅವನು ಅವಳ ಹಿಂದೆ ಬಾಗಿಲ ಕಡೆ ಕಣ್ಣು ಹಾಯಿಸಿ ಕಾದ. ಬಾಗಿಲಲ್ಲಿ ಇನ್ಯಾರೂ ಇರಲಿಲ್ಲ. ಆ ಮುದುಕಿ ಮೊಣಕಾಲ ಮೇಲೆ ಅಂಗೈ ಊರಿ ನಿಂತು, ಕೋಳಿ ನೋಡುವ ಹಾಗೆ ಕತ್ತು ಓರೆ ಮಾಡಿ ಸುತ್ತ ನೋಡಿದಳು. ಕಣ್ಣು ಅವ್ವನದು. ಗದ್ದೆಯಲ್ಲಿ ಅವತ್ತು ನೋಡಿದಾಗ ಎಲ್ಲರೂ ಬಗ್ಗಿದ್ದರು, ಸಂಜೆ ಎಲ್ಲರೂ ನೆಟ್ಟಗಾಗಿ ಮನೆಗೆ ಹೋಗುತ್ತಾರೆಂದೇ ಅವನು ತಿಳಿದಿದ್ದ. ನೆಟ್ಟಗಾಗದೆ ಉಳಿದವಳೊಬ್ಬಳು ಇದ್ದಾಳೆ, ಅವಳು ತನ್ನ ತಾಯಿ ಎಂದು ಯಾರೂ ಹೇಳಿರಲಿಲ್ಲ. ಕೇಳಿದ್ದರಲ್ಲವೇ ಹೇಳುವುದು.

"ಯಾಕಲೇ, ಕಂಬ ಬೀಳತೈತಂತ ಹಿಡ್ಕಂಡು ನಿಂತೀಯೇನು?" ಎಂದಳು ಯಮನಮ್ಮ. "ಬಾ, ಈ ಗಂಟು ಹಿಡಿ. ನಿಮ್ಮಕ್ಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟ್ಯಾಳ. ಸೊರಗೀಯಲ್ಲೋ."

ಮುಖ ನೋಡದೆ ಸೊರಗಿದ್ದು ಹೇಗೆ ಗೊತ್ತಾಯಿತೋ. ಅವಳಿಗೆ ಕಾಣುತ್ತಿದ್ದದ್ದು ಅವನ ಹೊಟ್ಟೆ, ಕೈ, ಚಪ್ಪಲಿ. ಜಟಕಾ ಮಾತಾಡಿ ಅವಳನ್ನು ಎತ್ತಿ ಕೂರಿಸಬೇಕೆಂದು ಬಗ್ಗಿದರೆ, ಬ್ಯಾಡ ಬಿಡು, ನಾನ ಏರ್ತೀನಿ, ಎಂದು ನಾಲ್ಕು ಕೈಕಾಲು ಊರಿ ಏರಿ ಹುಲ್ಲಿನ ಮೇಲೆ ಮಗ್ಗುಲಾಗಿ ಕೂತಳು. ಜಟಕಾ ಹೊರಟಿತು. ಎದುರಿನ ಗೋಡೆಗಳು ಹಿಂದೆ ಹಿಂದೆ ಹೋಗುತ್ತಿದ್ದವು. ಕಡೆಗೆ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಡೆ ನೋಡುತ್ತಲೇ ಅಂದ:

"ಅವ್ವಾ, ಆ ಸಂಡೂರಿನ ಗೋಡಿ..."

"ಯಾವ ಗೋಡಿ?"

"ಅದ ಅವ್ವ, ನಿನ್ನ ಕೆಲಸ ಹೋತಲ್ಲ."

"ಓ ಅದಾ? ಭಾಳ ಮಸ್ತ್ ಬರದಿದ್ದಿಯಂತಲ್ಲೋ!" ಯಮನಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. "ನನಗೇನು ಓದಾಕ ಬರತೈತಾ? ಆ ಮೇಸ್ತ್ರೀನೇ ನನ್ನ ಗೋಡಿ ಮುಂದ ನಿಂದ್ರಿಸಿ ತೋರಿಸಿದ. ಯಮನವ್ವಾ, ನಿನ್ನ ಮಗನ ಕೈಗೆ ಬಂಗಾರದ ಕಡಗ ಹಾಕಬೇಕು ನೋಡು, ನೀ ನಾಳಿಯಿಂದ ಕೆಲಸಕ್ಕ ಬರಬ್ಯಾಡ, ಅಂದ. ಎರಡೂ ಒಂದ ಉಸುರಿನಾಗ ಅಂದ. ನನಗ ನಗಿ ತಡಿಯಾಕ ಆಗಲಿಲ್ಲ. ಇವ್ನು ಹೊಗಳ್ತಾನೋ ಬೈತಾನೋ ಅಂತ. ಮನೀಗೆ ಬಂದು ಓಣ್ಯಾಗೆಲ್ಲ ಹೇಳಿದ್ನೆಪ್ಪ, ನನ್ನ ಮಗಗ ಹಿಂಗಂದ್ರು ಅಂತ."

"ನನಗ ಹೇಳಲಿಲ್ಲಲ್ಲವ್ವ."

"ನೀ ಎಲ್ಲಿ ಬಂದಿ? ಗೋಡಿಗೆ ಹೇಳ್ಲೇನು?"

ಜಟಕಾದವನು ಕುದುರೆಯನ್ನು ಬೈಯುತ್ತಿದ್ದ. ಉಚ್ಚೆಂಗೆಪ್ಪನಿಗೆ ಅಳುವುದೋ ನಗುವುದೋ ತಿಳಿಯದೆ, ರಸ್ತೆಯ ಧೂಳು ಕಣ್ಣಿಗೆ ಬಿತ್ತೆಂಬಂತೆ ಮುಖ ಒರೆಸಿಕೊಂಡ. ಸಿಟ್ಟಾಗಿದ್ದಾಳೆಂದು ಇವನು ಅಲ್ಲಿಗೆ ಹೋಗದೆ ಕೂತ, ಮಗ ಬರುತ್ತಾನೆ, ಹೇಳಬೇಕು ಎಂದು ಅವಳು ಅಲ್ಲಿ ಕಾಯುತ್ತ ಕೂತಳು. ಹೀಗೂ ವರ್ಷಗಳು ಕಳೆದುಹೋಗುತ್ತವೆಯೇ! ಹಗುರಾಗಬೇಕಾಗಿದ್ದ ಎದೆ ಹಗುರಾಗಲೇ ಇಲ್ಲ. ಕಾದು ಕಾದು ಬಾಗಿದ್ದು ಆ ಬೆನ್ನು, ಅದು ಅವನ ಎದುರಿಗೇ ಜಟಕಾದ ಕುಲುಕಿಗೆ ಅಲುಗಾಡುತ್ತಿತ್ತು. ಮೊದಲು ಅವಳು ಬೈಯಲಿಲ್ಲವೆಂದು ಸಂಕಟಪಟ್ಟಿದ್ದ, ಈಗ ಅವಳು ಹೆಮ್ಮೆಪಟ್ಟಳೆಂದು ಅದಕ್ಕಿಂತ ಹೆಚ್ಚು ಸಂಕಟವಾಯಿತು.

ಶೆಡ್ಡಿನ ಬಾಗಿಲಲ್ಲಿ ವಿರೂಪಾಕ್ಷಪ್ಪ ಫ್ಲಾಸ್ಕಿನಲ್ಲಿ ಚಹಾ ತಂದುಕೊಂಡು ಕಾಯುತ್ತಿದ್ದ. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು. "ಬರ್ರಿ ಯಮನಮ್ಮ, ಕುಂದ್ರಿ, ಚಾ ಕುಡೀರಿ ಮೊದ್ಲು" ಎಂದು ಉಪಚರಿಸಿದ. ಅವಳನ್ನು ನೋಡಿ ಅವನ ಮುಖವೂ ಸಪ್ಪಗಾಯಿತು, ಆದರೂ ಸೆಕ್ರೆಟರಿಯಲ್ಲವೇ, ಸಾವರಿಸಿಕೊಂಡ. ಚಹಾ ಕುಡಿದು ಯಮನಮ್ಮ ಮೂರ್ತಿಯ ಮುಂದೆ ಹೋಗಿ ನಿಂತಳು.

"ಕಾಲು ಚಲೋ ಮಾಡೀಯ" ಎಂದಳು. "ಒಡಕು ಹಿಮ್ಮಡಿ ಸೈತ ಬಿಟ್ಟಿಲ್ಲ."

"ಮ್ಯಾಲೆ ನೋಡವ್ವ."

ಅವಳು ಕತ್ತು ಓರೆ ಮಾಡಿದಳು. ಇನ್ನೂ ಓರೆ ಮಾಡಿದಳು. ಮೊಣಕಾಲಿನಿಂದ ಮೇಲಕ್ಕೆ ಅವಳ ಕಣ್ಣು ಏರುತ್ತಿಲ್ಲ. ಹಿಂದೆ ಹೆಜ್ಜೆ ಇಟ್ಟು ನೋಡಿದಳು, ಸೊಂಟದ ನಿರಿಗೆಯವರೆಗೆ ಬಂತು, ಅಷ್ಟೇ. ಉಚ್ಚೆಂಗೆಪ್ಪನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆಳಿಗಿಂತ ಒಂದು ಮೊಳ ಎತ್ತರ ಮಾಡಿದ ಮಹಾರಾಯ, ಯಾರು ನೋಡಬೇಕೋ ಅವಳಿಗೇ ಕಾಣದ ಹಾಗೆ ಮಾಡಿದ್ದಾನೆ. ಕುರ್ಚಿ ತರಲೇನು, ಎಂದು ವಿರೂಪಾಕ್ಷಪ್ಪ ಗಡಿಬಿಡಿ ಮಾಡಿದ. ಯಮನಮ್ಮ ಯಾರ ಮಾತನ್ನೂ ಕೇಳಲಿಲ್ಲ. ಮೂಲೆಯಲ್ಲಿದ್ದ ಖಾಲಿ ಸಿಮೆಂಟು ಚೀಲ ಎಳೆದು ಮೂರ್ತಿಯ ಕಾಲಬುಡದಲ್ಲಿ ಹಾಸಿ, ರೊಟ್ಟಿಯ ಗಂಟನ್ನು ತಲೆಗೆ ಕೊಟ್ಟುಕೊಂಡು, ಮ್ಯಾಗ ನೋಡಾಕ ಇದ ಸೈ, ಎನ್ನುತ್ತ ಮಗ್ಗುಲಾಗಿ ಮಲಗಿಬಿಟ್ಟಳು. ಈಗ ಅವಳಿಗೆ ಎಲ್ಲವೂ ಕಂಡಿತು. ಗಂಡಸರಿಬ್ಬರೂ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಡೆಗೆ ಒರಗಿದರು.

ಬಹಳ ಹೊತ್ತು ನೋಡಿದಳು. ಇರುವೆಯೊಂದು ಅವಳ ಕೈಮೇಲೆ ಹರಿದು ಹೋಯಿತು, ಗೊತ್ತಾಗಲಿಲ್ಲ.

"ಇಷ್ಟು ನೆಟ್ಟಗಿದ್ನೇನಲೇ ನಾನು?"

"ಇದ್ದೆವ್ವ" ಎಂದ ಉಚ್ಚೆಂಗೆಪ್ಪ.

"ಬುಟ್ಟಿ ಭಾಳ ಚಂದ ಹೆಣದೀಯ. ಮೇದಾರ್ರ ಕೈಲೂ ಹಿಂಗ ಆಗಂಗಿಲ್ಲ."

ಎದೆಯಲ್ಲಿ ಏನೋ ತಟ್ಟನೆ ಎದ್ದಿತು. ಹೊಗಳಿಕೆಗೆ ಬಾಯಿಬಿಡುವ ಮನಸ್ಸು, ಎಷ್ಟು ಪೆಟ್ಟು ತಿಂದರೂ ಬುದ್ಧಿ ಬರುವುದಿಲ್ಲ ಅದಕ್ಕೆ. ಈಗ ಹೂಂ ಅನ್ನುತ್ತಾಳೆ, ಇನ್ನೊಂದು ಮಾತಿನಲ್ಲಿ ಅನ್ನುತ್ತಾಳೆ, ಎಂದು ಅವನು ಅವಳ ತುಟಿ ನೋಡುತ್ತ ನಿಂತ.

"ತುಂಬಿದ ಬುಟ್ಟಿ ಏನಲೇ ಇದು?"

"ಹೂನವ್ವ, ಅದಿರು ತುಂಬೀನಿ. ಕೆಳಗಿಂದ ಕಾಣಂಗಿಲ್ಲ, ಆದ್ರೂ ತುಂಬೀನಿ."

"ಇಳಸಾವ್ರು ಯಾರು?"

ಇಬ್ಬರಿಗೂ ಅರ್ಥವಾಗಲಿಲ್ಲ. ಯಮನಮ್ಮ ಮಲಗಿದಲ್ಲಿಂದಲೇ ಕೈ ಎತ್ತಿ ಬುಟ್ಟಿಯ ಕಡೆ ತೋರಿಸಿದಳು.

"ತುಂಬಿದ ಬುಟ್ಟಿ ಒಬ್ಬಾಕಿಗೆ ಏರಿಸ್ಕೊಳಾಕ ಬರಂಗಿಲ್ಲ, ಒಬ್ಬಾಕಿಗೆ ಇಳಿಸ್ಕೊಳಾಕ ಬರಂಗಿಲ್ಲ. ಎದುರಿಗೆ ಬಂದಾಕಿ ಕೈ ಕೊಡಬೇಕು. ಅದು ಗುಡ್ಡದ ಮ್ಯಾಲಿನ ರಿವಾಜು. ನನಗೂ ಸುಂಕಮ್ಮಗೂ ಒಂದು ವರ್ಸ ಮಾತಿರಲಿಲ್ಲ, ಸೀರಿ ಸಂಬಂಧ ಜಗಳ. ಆದ್ರ ನಾನು ಹೊತ್ಕಂಡು ಬಂದ್ರ ಆಕಿ ಮುಖ ತಿರುವ್ಕಂಡ ಎರಡೂ ಕೈ ಎತ್ತೋಳು. ಇಳಿಸಿ ಹೋಗೋಳು. ನೀವು ಇಕಿನ್ನ ಆಫೀಸಿನ ಮುಂದ ನಿಲ್ಲಸ್ತೀರಿ. ಮೀಟಿಂಗ್ ಮುಗಿಸಿ ಎಲ್ಲಾರೂ ಮನೀಗೆ ಹೋಕ್ಕೀರಿ. ಮಳಿ ಬರತೈತಿ, ಬಿಸಲು ಬರತೈತಿ. ಇಕಿ ಒಬ್ಬಾಕೀನ ಹೊತ್ಕಂಡು ನಿಂತಿರಬೇಕು. ಇಳಸಾಕ ಯಾರಿಗೆ ಹೇಳೀರಪ್ಪ?"

"ಅದು ಮೂರ್ತಿ ಯಮನಮ್ಮ" ಎಂದ ವಿರೂಪಾಕ್ಷಪ್ಪ ಮೆಲ್ಲಗೆ. "ಅದಕ್ಕೇನು ನೋವು ಗೊತ್ತಾಗತೈತಾ?"

"ಅದಕ್ಕ ಗೊತ್ತಾಗಂಗಿಲ್ಲ ಯಪ್ಪಾ. ನನಗ ಗೊತ್ತಾಗತೈತಿ. ನೋಡಾಕ ಹತ್ತಿದಾಗಿಂದ ಕುತ್ತಿಗಿ ನೋಯತೈತಿ." ಮಗನ ಮುಖ ಹುಡುಕಿ ನೋಡಿದಳು. "ನೀ ಬ್ಯಾಸರ ಮಾಡ್ಕಬ್ಯಾಡ. ನಾನು ಹಿಂಗ ಏನೋ ಅಂತೀನಿ. ನೀವು ಓದಿದವ್ರು ಹೆಂಗ ಹೇಳ್ತೀರೋ ಹಂಗ ಮಾಡ್ರಿ. ಹೂಂ ಅನ್ನಬೇಕಂದ್ರ ಅಂತೀನಿ."

ಕೇಳಿದರೆ ಕೊಟ್ಟುಬಿಡುತ್ತಾಳೆ. ಇಷ್ಟು ದಿನ ಯಾವುದಕ್ಕೆ ಹಸಿದಿದ್ದನೋ ಅದು ಅವಳ ತುದಿನಾಲಿಗೆಯ ಮೇಲಿದೆ, ಒಂದು ಮಾತು ಕೇಳಿದರೆ ಸಾಕು. ಉಚ್ಚೆಂಗೆಪ್ಪ ಬುಟ್ಟಿಯ ಕಡೆ ನೋಡಿದ. ಬಿಸಿಲು ಸರಿದು ಹೆಣಿಗೆಯ ನೆರಳೆಲ್ಲ ಒಳಗೆ ಸೇರಿಕೊಂಡಿತ್ತು. ಅವನು ಮಾಡಿದ್ದರಲ್ಲೆಲ್ಲ ಚಂದದ್ದು, ಇನ್ನು ಮುಂದೆ ಮಾಡುವುದರಲ್ಲೂ ಇಷ್ಟು ಚಂದ ಬರುತ್ತದೋ ಇಲ್ಲವೋ. ಅದನ್ನು ಅವ್ವನ ತಲೆಯ ಮೇಲಿಟ್ಟು ಊರಿಗೆಲ್ಲ ತೋರಿಸಲು ಹೊರಟಿದ್ದ. ಅವ್ವನನ್ನು ಮಾಡಿದೆನೋ, ಬುಟ್ಟಿಗೊಂದು ಕಂಬ ಮಾಡಿದೆನೋ? ಆಮೇಲೆ ಮೂಲೆಗೆ ಹೋಗಿ ಗರಗಸ, ಉಳಿ, ಸುತ್ತಿಗೆ ಎತ್ತಿಕೊಂಡು ಏಣಿಯನ್ನು ಮೂರ್ತಿಗೆ ಆನಿಸಿದ.

"ಏಯ್ ಏಯ್, ಏನು ಮಾಡ್ತೀಯಪ?" ವಿರೂಪಾಕ್ಷಪ್ಪ ಓಡಿಬಂದ. "ಬುಟ್ಟಿ ತೆಗದ್ರ ಇಕಿ ಯಾರಂತ ಹೆಂಗ ತಿಳೀಬೇಕು? ಸುಮ್ನ ಕೈ ಎತ್ತಿ ನಿಂತ ಹೆಂಗಸು! ಪೊಲೀಸ್ರು ಹಿಡದಂಗ ಕಾಣ್ತಾಳ. ಸಂಘದಾಗ ಏನಂತ ಹೇಳ್ಲಿ ನಾನು?"

"ನನಗ ಗೊತ್ತಿಲ್ರಿ."

"ನಾಳಿ ಲಾರಿ ತರಂಗಿಲ್ಲ ನೋಡು ಹಂಗಾದ್ರ."

"ಬ್ಯಾಡ್ರಿ."

ವಿರೂಪಾಕ್ಷಪ್ಪ ಬಾಗಿಲವರೆಗೆ ಹೋದ, ತಿರುಗಿ ನಿಂತ, ಫ್ಲಾಸ್ಕು ಮರೆತದ್ದು ನೆನಪಾಗಿ ಬಂದು ತೆಗೆದುಕೊಂಡ, ಹುಚ್ಚರ ಸಂತಿ, ಎಂದು ಗೊಣಗುತ್ತ ಹೊರಟುಹೋದ. ಕಾಲುವೆಯ ನೀರಿನ ಸದ್ದು ಒಳಗೆ ಬಂತು. ಉಚ್ಚೆಂಗೆಪ್ಪ ಮೂರ್ತಿಯ ಬೆರಳುಗಳನ್ನು ಉಳಿಸಿ ಬುಟ್ಟಿಯ ಅಂಚನ್ನು ಒಡೆಯತೊಡಗಿದ. ಹೆಣಿಗೆಯ ಮೇಲೆ ಉಳಿ ಇಡುವಾಗ ಮೊದಲ ಪೆಟ್ಟಿಗೆ ಕೈ ಏಳಲಿಲ್ಲ. ಬಡಿದ. ಒಂದು ಸೀಳು ಉದುರಿತು. ಇನ್ನೊಂದು. ಸಿಮೆಂಟಿನ ಪುಡಿ ಕೆಳಗಿದ್ದ ಅವ್ವನ ಸೀರೆಯ ಮೇಲೆ, ಕೂದಲ ಮೇಲೆ ಬಿತ್ತು. ಮೂರ್ತಿಯ ತಲೆಯಿಂದ ಬುಟ್ಟಿಗೆ ಹೋಗುವ ಕಬ್ಬಿಣದ ಸರಳಿಗೆ ಗರಗಸ ಹಚ್ಚಿದಾಗ ಅದು ಕಿರ್ರೆಂದು ಅರಚಿತು, ಹಲ್ಲು ಜುಮ್ಮೆಂದವು. ಸರಳು ತೆಳುವಾಗುತ್ತ ಬಂದ ಹಾಗೆ ಬುಟ್ಟಿ ಅವನ ಎದೆಗೆ ಒರಗಿತು. ಮೇಲಷ್ಟೇ ಅದಿರು ತುಂಬಿ ಒಳಗೆ ಪೊಳ್ಳು ಬಿಟ್ಟಿದ್ದರೂ ಭಾರ ಭಾರವೇ. ಏಣಿ ಅಲುಗಿತು. ಕೆಳಗೆ ನೋಡಿದರೆ ಯಮನಮ್ಮ ಎದ್ದು ಬಂದು ಏಣಿಯ ಬುಡದಲ್ಲಿ ನಿಂತಿದ್ದಳು. ಬಗ್ಗಿದ ಮೈಯಲ್ಲೇ ಎರಡೂ ಕೈ ಮೇಲೆತ್ತಿದ್ದಳು. ಎಷ್ಟು ಎತ್ತಿದರೂ ಅಂಗೈಗಳು ಅವಳ ನೆತ್ತಿಗಿಂತ ಸ್ವಲ್ಪವೇ ಮೇಲಿದ್ದವು.

"ಸರಿಯವ್ವ, ಬಿತ್ತಂದ್ರ ಕಷ್ಟ."

"ಇಳಸಾಕಿ ಸರದ್ರ ಹೆಂಗಲೇ? ಕೊಡು, ಕೊಡು, ಜ್ವಾಕಿ."

ಸರಳು ಕಡಿಯಿತು. ಬುಟ್ಟಿಯನ್ನು ಎದೆಗವಚಿಕೊಂಡು ಅವನು ಒಂದು ಮೆಟ್ಟಿಲು ಇಳಿದ, ಇನ್ನೊಂದು ಇಳಿದ. ತೋಳಿನ ನರಗಳು ಕಿತ್ತುಬರುವ ಹಾಗೆ ಎಳೆದವು. ಅವಳ ಅಂಗೈಗಳು ಬುಟ್ಟಿಯ ಬುಡಕ್ಕೆ ತಾಗಿದವು. ಭಾರವನ್ನೆಲ್ಲ ಅವನು ತನ್ನ ಎದೆಯಲ್ಲೇ ಇಟ್ಟುಕೊಂಡ, ಅವಳಿಗೆ ಬರೀ ಮುಟ್ಟುವಷ್ಟು ಕೊಟ್ಟ.

"ನಾನು ಹಿಡದೀನಿ, ನೀ ಬಿಡು" ಎಂದಳು.

ಅವನು ಬಿಡಲಿಲ್ಲ. ಇಬ್ಬರೂ ಕೂಡಿ ಅದನ್ನು ನೆಲಕ್ಕೆ ಇಳಿಸಿದರು. ಯಮನಮ್ಮ ಅಲ್ಲೇ ಅದರ ಪಕ್ಕ ಕುಸಿದು ಕೂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಉಸ್ಸಪ್ಪಾ" ಎಂದಳು. ಉಚ್ಚೆಂಗೆಪ್ಪ ಅವಳ ಹಿಂದೆ ಕೂತು, ಆ ಬಾಗಿದ ಬೆನ್ನಿನ ಮೇಲೆ ಅಂಗೈ ಇಟ್ಟ.